ಲೋಕಮಾನ್ಯರ ಪಥ್ಯ

ಆಗಸ್ಟ್ ತಿಂಗಳ ಮೊದಲನೆಯ ದಿನವು ಲೋಕಮಾನ್ಯ ಬಾಳ ಗಂಗಾಧರ ಟಿಳಕರ ಪುಣ್ಯತಿಥಿಯು. ಅವರ ರಾಜಕಾರಣ, ಅವರ ಪಾಂಡಿತ್ಯ, ಅವರ ಸೆರೆವಾಸ ಇವುಗಳನ್ನು ಕುರಿತು ನಮ್ಮ ವಾಚಕರು ಅನೇಕ ಸಲ ಓದಿರುವರು, ಕೇಳಿರುವರು. ಆ ಮಾತುಗಳನ್ನೇ ಈ ದಿನ ಮತ್ತೊಮ್ಮೆ ಬರೆದು ಪುಟ ತುಂಬಿಸುವ ಇಚ್ಛೆ ನಮಗಿಲ್ಲ. ಆ ಮಹಾಪುರುಷರ ಬಾಳಿನಲ್ಲಿ ಚರಿತ್ರಕಾರರು ಒಂದೆರಡು ಸಾಲುಗಳಲ್ಲಿ ದಾಟಿ ಹೋಗುವ ಒಂದು ಸಂಗತಿಯಿದೆ. ಅವರು ತಮ್ಮ ಆಯುಷ್ಯದ ಕೊನೆಯ ಹನ್ನೆರಡು ವರ್ಷಗಳನ್ನಾದರೂ ಮಧುಮೇಹದ ಸಂಗಡ ಕಳೆದರು. ಆ ರೋಗಕ್ಕೆ ಇಂದಿರುವ ಮುಖ್ಯ ಔಷಧವು ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಅವರು ರೋಗವನ್ನು ತಡೆದು ನಿಲ್ಲಿಸಿದ್ದು ತಾಟಿನಲ್ಲಿ ಬೀಳುವ ಅನ್ನವನ್ನು ಆಳುವುದರಿಂದ.

ಈ ಸಂಗತಿಯನ್ನು ಈಗ ಎತ್ತಲು ಕಾರಣವಿದೆ. ಕೆಲವು ದಿನಗಳ ಹಿಂದೆ ನಾವು ಸಿಂದಗಿ ತಾಲೂಕಿನ ಕನ್ನೊಳ್ಳಿಗೆ ಹೋಗಿದ್ದೆವು. ಅಲ್ಲಿ ನಮಗೆ ಪರಿಚಿತರಾದ ಒಬ್ಬ ವೃದ್ಧ ಮಾಸ್ತರರಿರುವರು. ಅವರ ಪಡಸಾಲೆಯ ಗೋಡೆಯ ಮೇಲೆ ಪುಣೇರಿ ಪಗಡಿಯ ಲೋಕಮಾನ್ಯರ ಚಿತ್ರವಿದೆ. ಮಾಸ್ತರರಿಗೆ ಸಕ್ಕರೆ ಬೇನೆ ಹತ್ತಿ ಬಹಳ ವರ್ಷಗಳಾದವು. ಗುಳಿಗೆಗಳು ಈಗ ಸಾಲುವುದಿಲ್ಲವೆಂದೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕೆಂದೂ ವೈದ್ಯರು ಹೇಳಿ ಆರು ತಿಂಗಳು ಸಂದಿದ್ದವು. ಮಾಸ್ತರರು ಒಪ್ಪಿರಲಿಲ್ಲ. ಮೈ ಬಡಕಾಗಿ, ಅಂಗಾಲಿನಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿ, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವ ಸ್ಥಿತಿಗೆ ಬಂದಿದ್ದರೂ ಅವರು ಗೋಡೆಯ ಮೇಲಿನ ಚಿತ್ರವನ್ನು ತೋರಿಸಿ, ಮಾಂಡಲೆಯಲ್ಲಿ ಆ ಪುರುಷನು ಸೂಜಿಯಿಲ್ಲದೆಯೇ ರೋಗವನ್ನು ಗೆದ್ದನಲ್ಲವೇ ಎಂದು ನಮ್ಮನ್ನೇ ಕೇಳಿದರು. ಲೋಕಮಾನ್ಯರ ಹೆಸರಿನಲ್ಲಿ ಬಂದ ಪ್ರಶ್ನೆಗೆ ಲೋಕಮಾನ್ಯರ ಚರಿತ್ರದಿಂದಲೇ ಉತ್ತರ ಕೊಡುವುದು ಯೋಗ್ಯವೆಂದು ನಮಗೆ ಆಗಲೇ ತೋರಿತು.

ಟಿಳಕರು 1856ನೆಯ ಇಸವಿ ಜುಲೈ 23ರಂದು ರತ್ನಾಗಿರಿಯಲ್ಲಿ ಹುಟ್ಟಿದರು. ತಂದೆ ಗಂಗಾಧರಪಂತರು ಶಿಕ್ಷಣ ಖಾತೆಯಲ್ಲಿದ್ದರು. ಬಾಲ್ಯದಲ್ಲಿ ಹುಡುಗನ ಮೈ ಅಶಕ್ತವಾಗಿತ್ತು. ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದ ಮೊದಲ ವರ್ಷ ಅವರು ಪುಸ್ತಕಗಳನ್ನು ಬದಿಗಿಟ್ಟು ಗರಡಿ, ಈಜು, ನಿಯಮಿತವಾದ ಆಹಾರ ಇವುಗಳಿಗೇ ಸಮಯವನ್ನೆಲ್ಲ ಕೊಟ್ಟರು. ಆ ವರ್ಷ ಪರೀಕ್ಷೆಯಲ್ಲಿ ನಪಾಸಾದರು. ಅದಕ್ಕಾಗಿ ಅವರು ಮುಂದೆ ಎಂದೂ ವಿಷಾದಪಟ್ಟವರಲ್ಲ. ಒಂದು ವರ್ಷದ ವಿದ್ಯೆಯನ್ನು ಕೊಟ್ಟು ಒಂದು ಜೀವಮಾನದ ಶರೀರವನ್ನು ಕೊಂಡ ಈ ವ್ಯಾಪಾರದಲ್ಲಿಯೇ ಮುಂದಿನ ಮಾಂಡಲೆಯ ಟಿಳಕರು ಕಾಣುತ್ತಾರೆಂದು ನಮ್ಮ ಅಭಿಪ್ರಾಯ. 1877ರಲ್ಲಿ ಬಿ.ಎ., 1879ರಲ್ಲಿ ಎಲ್‌ಎಲ್.ಬಿ., 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು, 1881ರಲ್ಲಿ ಕೇಸರಿ ಮತ್ತು ಮರಾಠಾ ಪತ್ರಗಳು: ಇವೆಲ್ಲ ಸರ್ವಶ್ರುತವಾದ ಸಂಗತಿಗಳಾದುದರಿಂದ ವಿಸ್ತರಿಸುವುದಿಲ್ಲ.

ಅವರು ಕಂಡ ತುರಂಗಗಳು ಮೂರು ಸಲದವು. 1882ರಲ್ಲಿ ಕೊಲ್ಹಾಪುರ ಪ್ರಕರಣದ ನಿಮಿತ್ತ ಆಗರಕರರ ಸಂಗಡ ಮುಂಬಯಿಯ ಡೋಂಗರಿಯಲ್ಲಿ 101 ದಿನ. 1897ರಲ್ಲಿ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಶಿಕ್ಷೆ. ಅದರಲ್ಲಿ ಸುಮಾರು ಒಂದು ವರ್ಷ ಕಳೆದು 1898ರ ಸಪ್ಟಂಬರಿನಲ್ಲಿ ಬಿಡುಗಡೆ. ಈ ಎರಡನೆಯ ಸೆರೆಯಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿದ ತುರಂಗದ ಪಲ್ಯವನ್ನು ಮುಟ್ಟದೆ ಒಣ ರೊಟ್ಟಿಯನ್ನೇ ನೀರಿನಲ್ಲಿ ನೆನಸಿ ತಿಂದು ಅವರು ಬಹಳ ಇಳಿದು ಹೋಗಿದ್ದರು. ಅದು ಆಚಾರದ ಉಪವಾಸವಾಗಿತ್ತು, ರೋಗದ ಪಥ್ಯವಲ್ಲ. ಪಥ್ಯವು ಬಂದದ್ದು ಮೂರನೆಯ ಸೆರೆಯಲ್ಲಿ.

1908ರ ಜೂನ್ 24ರಂದು ಅವರನ್ನು ಮುಂಬಯಿಯಲ್ಲಿ ಹಿಡಿದರು. ನ್ಯಾಯಮೂರ್ತಿ ದಾವರರ ಮುಂದೆ ವಿಚಾರಣೆ ನಡೆದು ಜುಲೈ 22ರ ರಾತ್ರಿ ಆರು ವರ್ಷಗಳ ಕಡಲಾಚೆಯ ಶಿಕ್ಷೆಯೂ ಸಾವಿರ ರೂಪಾಯಿ ದಂಡವೂ ವಿಧಿಸಲ್ಪಟ್ಟವು. ಬೆಳಗಾದರೆ ಅವರ ಐವತ್ತೆರಡನೆಯ ಹುಟ್ಟುಹಬ್ಬ. ಈ ಹೊತ್ತಿಗಾಗಲೇ ಮಧುಮೇಹವು ಅವರ ಮೈಯಲ್ಲಿ ಮನೆ ಮಾಡಿತ್ತು. ಮೊದಲು ಸಾಬರಮತಿ, ಅಲ್ಲಿಂದ ಸಪ್ಟಂಬರಿನಲ್ಲಿ ಬ್ರಹ್ಮದೇಶದ ಮಾಂಡಲೆ. ಕಠಿಣ ಶಿಕ್ಷೆಯನ್ನು ಸರಕಾರವು ಸಾದಾ ಶಿಕ್ಷೆಯಾಗಿ ಬದಲಿಸಿತು. ಇಲ್ಲವಾದರೆ ಆ ವಯಸ್ಸಿನಲ್ಲಿ, ಆ ರೋಗದಲ್ಲಿ ಅವರು ತಿರುಗಿ ಬರುತ್ತಿದ್ದರೆಂದು ಹೇಳಲಾಗದು.

ಮಾಂಡಲೆಯ ಅವರ ಕೋಣೆಯು ಕಟ್ಟಿಗೆಯ ಪಟ್ಟಿಗಳಿಂದ ಮಾಡಿದ ಪಂಜರದಂತಿತ್ತು. ಬೇಸಿಗೆಯ ಬಿಸಿಗಾಳಿ, ಧೂಳು, ಚಳಿಗಾಲದ ಶೀತ ಎಲ್ಲವೂ ಆ ಸಂದುಗಳಿಂದ ಒಳಗೆ ಬರುತ್ತಿದ್ದವು. ಅಡಿಗೆಗೆ ಒಬ್ಬ ಬ್ರಾಹ್ಮಣ ಕೈದಿಯನ್ನು ಕೊಟ್ಟಿದ್ದರು. ಆ ಅಡಿಗೆಯಲ್ಲಿ ಅನ್ನವೂ ಸಿಹಿಯೂ ಹಿಂದೆ ಸರಿದವು. ಜವೆಯ ಹಿಟ್ಟು ಮುಂದೆ ಬಂದಿತು. ಸಂಸ್ಕೃತದಲ್ಲಿ ಯವವೆಂದೂ ಪೇಟೆಯಲ್ಲಿ ಬಾರ್ಲಿಯೆಂದೂ ಹೆಸರಾದ ಈ ಧಾನ್ಯವೇ ಅವರ ಮುಖ್ಯ ಆಹಾರವಾಯಿತು. ಅದರ ಸಂಗಡ ಹಾಲು, ಮೊಸರು, ತುಪ್ಪ. ಹಬ್ಬವೆಂದು ಒಂದು ದಿನ, ಬೇಸರವೆಂದು ಇನ್ನೊಂದು ದಿನ ಈ ಕ್ರಮವನ್ನು ಬಿಡುವ ಸ್ವಭಾವ ಅವರದಲ್ಲ. ಅಡಿಕೆಯ ಚಟವೊಂದು ಅವರಿಗಿದ್ದದ್ದು ಪ್ರಸಿದ್ಧವೇ ಇದೆ. ಮೋದಕಪ್ರಿಯನಾದ ಗಣಪತಿಯನ್ನು ಮನೆಯ ಜಗುಲಿಯಿಂದ 1893ರಲ್ಲಿ ಬೀದಿಯ ಮಂಟಪಕ್ಕೆ ತಂದ ಮನುಷ್ಯನಿಗೇ ಮೋದಕವು ವರ್ಜ್ಯವಾದದ್ದು ದೈವದ ಚೇಷ್ಟೆಯೆನ್ನಬೇಕು.

ಇಂಥ ಪಥ್ಯದ ಮೇಲೆ ಆ ಕೋಣೆಯಲ್ಲಿ ನಡೆದ ಕೆಲಸವೆಷ್ಟು! ನೂರಾರು ಗ್ರಂಥಗಳನ್ನು ತರಿಸಿ ಓದಿದರು; ಪಾಲಿ, ಜರ್ಮನ್, ಫ್ರೆಂಚ್ ಭಾಷೆಗಳನ್ನು ಅಭ್ಯಾಸ ಮಾಡಿದರು; 1910ರ ನವಂಬರಿನಿಂದ 1911ರ ಮಾರ್ಚಿನ ವರೆಗಿನ ಸುಮಾರು ಐದು ತಿಂಗಳಲ್ಲಿ ಗೀತಾರಹಸ್ಯವನ್ನು ಸೀಸದ ಕಡ್ಡಿಯಿಂದ ಬರೆದು ಮುಗಿಸಿದರು. ಆ ಗ್ರಂಥವನ್ನು ಕನ್ನಡಕ್ಕೆ ತಂದವರು ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು. ಆದುದರಿಂದ ಕನ್ನೊಳ್ಳಿಯ ಮಾಸ್ತರರ ಕಪಾಟಿನಲ್ಲಿ ಅದು ಇದ್ದುದರಲ್ಲಿ ಆಶ್ಚರ್ಯವಿಲ್ಲ. 1912ರಲ್ಲಿ ಪತ್ನಿ ಸತ್ಯಭಾಮಾಬಾಯಿಯವರು ತೀರಿಕೊಂಡ ವರ್ತಮಾನವು ಅವರಿಗೆ ಆ ಪಂಜರದಲ್ಲಿಯೇ ತಲುಪಿತು. 1914ರ ಜೂನಿನಲ್ಲಿ ಅವರು ಪುಣೆಯ ತಮ್ಮ ಮನೆಯ ಬಾಗಿಲಿಗೆ ಬಂದಿಳಿದರು.

ಈಗ ಮಾಸ್ತರರ ಪ್ರಶ್ನೆಗೆ ಬರೋಣ. ಜವೆಯ ಹಿಟ್ಟು ಮಾಡಿದ್ದೇನು? ನಾವು ತಿನ್ನುವ ಧಾನ್ಯದಲ್ಲಿಯ ಪಿಷ್ಟವು ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯು ರಕ್ತದಿಂದ ಮಾಂಸಖಂಡಗಳೊಳಗೆ ಹೋಗಬೇಕಾದರೆ ಮೇದೋಜೀರಕಾಂಗವು ಸ್ರವಿಸುವ ಇನ್ಸುಲಿನ್ ಎಂಬ ರಸವು ಬಾಗಿಲು ತೆರೆಯಬೇಕು. ಜವೆಯಲ್ಲಿ ಲೋಳೆಯಂಥ ಒಂದು ನಾರಿನ ಅಂಶವಿದೆ. ಅದು ಸಕ್ಕರೆಯು ರಕ್ತಕ್ಕೆ ನುಗ್ಗುವ ವೇಗವನ್ನು ತಗ್ಗಿಸುತ್ತದೆ. ಬರುವ ಸಕ್ಕರೆಯು ಸ್ವಲ್ಪವಾಗಿ, ಸಾವಕಾಶವಾಗಿ ಬಂದರೆ, ದುರ್ಬಲವಾದ ಅಂಗವೂ ತನ್ನಲ್ಲಿರುವಷ್ಟು ರಸದಿಂದ ಕೆಲಸವನ್ನು ಹೇಗೋ ಸಾಗಿಸುತ್ತದೆ. ನಮ್ಮ ಪ್ರಾಚೀನರಿಗೆ ಈ ಧಾನ್ಯದ ಗುಣವು ಅನುಭವದಿಂದ ತಿಳಿದಿತ್ತು. ಪ್ರಮೇಹಿಗಳ ಆಹಾರದಲ್ಲಿ ಚರಕಸಂಹಿತೆಯು ಯವಕ್ಕೆ ಅಗ್ರಸ್ಥಾನ ಕೊಟ್ಟಿದೆ. ಪಶ್ಚಿಮದಲ್ಲಿ ಫ್ರಾನ್ಸಿನ ಬುಶಾರ್ದಾ ಎಂಬ ವೈದ್ಯನು 1870ರ ಪ್ಯಾರಿಸ್ ಮುತ್ತಿಗೆಯ ಕಾಲದಲ್ಲಿ ಊರಿಗೆ ಅನ್ನದ ಬರ ಬಂದಾಗ ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಮಾಯವಾದುದನ್ನು ಕಂಡನು. 1902-03ರ ಸುಮಾರಿಗೆ ಫಾನ್ ನೂರ್ಡನ್ ಎಂಬವನು ಓಟ್ಸ್ ಧಾನ್ಯದ ಪಥ್ಯವನ್ನು ಪ್ರಚಾರಕ್ಕೆ ತಂದನು. 1915ರ ವೇಳೆಗೆ ಅಮೇರಿಕೆಯ ಅಲೆನ್ನನು ರೋಗಿಗಳನ್ನು ಉಪವಾಸ ಕೆಡವಿಯೇ ಜೀವ ಹಿಡಿಯುವ ಪದ್ಧತಿಯನ್ನು ನಡೆಸಿದನು. ಟಿಳಕರು ಮಾಂಡಲೆಯಲ್ಲಿ ಮಾಡಿದ್ದು ಆ ಕಾಲದ ಜಗತ್ತಿನ ಅತ್ಯುತ್ತಮ ಚಿಕಿತ್ಸೆಗಿಂತ ಕಡಿಮೆಯದಾಗಿರಲಿಲ್ಲ.

ಆದರೆ ಅಂಗವೇ ಬತ್ತಿ ಹೋದವನಿಗೆ ಈ ಪಥ್ಯದಿಂದ ಏನಾಗುತ್ತಿತ್ತು? ಇಲ್ಲಿಯೇ ಗಂಟು ಇರುವದು. ಸುಶ್ರುತನು ಈ ರೋಗಿಗಳನ್ನು ಎರಡಾಗಿ ವಿಂಗಡಿಸಿರುವನು: ಹುಟ್ಟಿನಿಂದ ಬಂದ ಕೃಶರೋಗಿ ಒಬ್ಬ, ಅಪಥ್ಯದಿಂದ ಬಂದ ಸ್ಥೂಲರೋಗಿ ಇನ್ನೊಬ್ಬ. ಇಂದಿನ ಶಾಸ್ತ್ರವೂ ಬೇರೆ ಕಾರಣಗಳನ್ನು ಹೇಳಿ ಎರಡು ಮುಖ್ಯ ಪ್ರಕಾರಗಳನ್ನು ಮಾಡುತ್ತದೆ. ಮೊದಲನೆಯದರಲ್ಲಿ ಇನ್ಸುಲಿನ್ ಸ್ರವಿಸುವ ಕಣಗಳು ಬಹುತೇಕ ನಾಶವಾಗಿರುತ್ತವೆ. ಇದು ಹೆಚ್ಚಾಗಿ ಮಕ್ಕಳನ್ನೂ ತರುಣರನ್ನೂ ಹಿಡಿಯುತ್ತದೆ. ಎರಡನೆಯದರಲ್ಲಿ ರಸವಿದ್ದರೂ ಸಾಲದು, ಅಥವಾ ಮೈ ಅದರ ಮಾತು ಕೇಳುವದಿಲ್ಲ. ಇನ್ಸುಲಿನ್ನಿಲ್ಲದೆ ಹನ್ನೆರಡು ವರ್ಷ ಬದುಕಿ, ಪ್ರವಾಸ ಮಾಡಿ, ಗ್ರಂಥ ಬರೆದ ಐವತ್ತು ದಾಟಿದ ಪುರುಷನಿಗಿದ್ದದ್ದು ಎರಡನೆಯದೇ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅದೇ ಜವೆಯ ಹಿಟ್ಟನ್ನು ಅದೇ ನಿಷ್ಠೆಯಿಂದ ತಿಂದ ಹತ್ತು ವರ್ಷದ ಕೂಸೊಂದು ಆ ಕಾಲದಲ್ಲಿ ಒಂದೆರಡು ವರ್ಷಗಳಲ್ಲಿ ಕಣ್ಣು ಮುಚ್ಚುತ್ತಿತ್ತು. ಅದರ ಮನೋಬಲ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಎರಡನೆಯ ಪ್ರಕಾರದಲ್ಲಿಯೂ ವರ್ಷಗಳು ಕಳೆದಂತೆ ಅಂಗವು ಸವೆಯುತ್ತ ಹೋಗುತ್ತದೆ. ನಿನ್ನೆ ಪಥ್ಯವೇ ಸಾಕಾದವನಿಗೆ ಇಂದು ಗುಳಿಗೆ ಬೇಕು, ನಾಳೆ ಇನ್ಸುಲಿನ್ ಬೇಕಾದೀತು. ಅದು ರೋಗದ ನಡಿಗೆ. ರೋಗಿಯ ಅಪರಾಧವೆಂದು ತಿಳಿಯತಕ್ಕದ್ದಲ್ಲ.

ಸೆರೆಯಿಂದ ಬಂದ ಟಿಳಕರಿಗೆ ವಿಶ್ರಾಂತಿಯೆಂಬುದು ದೊರೆಯಲಿಲ್ಲ. 1915ರಲ್ಲಿ ಗೀತಾರಹಸ್ಯ ಪ್ರಕಟವಾಯಿತು. 1916ರ ಏಪ್ರಿಲ್ ಕೊನೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಪ್ರಾಂತಿಕ ಪರಿಷತ್ತು ಕೂಡಿದಾಗ ಅವರ ಹೋಮ್‌ರೂಲ್ ಸಂಘವು ಅಲ್ಲಿಯೇ ಹುಟ್ಟಿತು. ಗಂಗಾಧರರಾವ ದೇಶಪಾಂಡೆಯವರು ಅವರ ಬಲಗೈಯಾಗಿದ್ದರು. ಬೆಳಗಾವಿಯಲ್ಲಿಯೂ ಅಹಮದನಗರದಲ್ಲಿಯೂ ಮಾಡಿದ ಭಾಷಣಗಳಿಗಾಗಿ ಸರಕಾರವು ಅವರಿಂದ ಇಪ್ಪತ್ತು ಸಾವಿರ ರೂಪಾಯಿಗಳ ಮುಚ್ಚಳಿಕೆ ಕೇಳಿತು. ಹಾಯಕೋರ್ಟು ಆ ಆಜ್ಞೆಯನ್ನು ಅದೇ ವರ್ಷದ ನವಂಬರಿನಲ್ಲಿ ರದ್ದುಗೊಳಿಸಿತು. ಮುಂದೆ ಲಖನೌ, ಊರೂರು ಪ್ರವಾಸ, 1918ರಿಂದ 1919ರ ವರೆಗೆ ಚಿರೋಲ್ ಮೊಕದ್ದಮೆಯ ಸಲುವಾಗಿ ಇಂಗ್ಲಂಡದಲ್ಲಿ ವಾಸ. ಮಾಂಡಲೆಯಲ್ಲಿ ಒಬ್ಬ ಅಡಿಗೆಯವನು, ಒಂದು ಒಲೆ, ಗೊತ್ತಾದ ಹೊತ್ತು ಇದ್ದವು. ಊರೂರಿನಲ್ಲಿ ಆದರಾತಿಥ್ಯದ ಹೋಳಿಗೆ ಬಡಿಸುವ ಕೈಗಳಿದ್ದವು. ಪಥ್ಯದವನಿಗೆ ಸೆರೆಮನೆಗಿಂತ ಸತ್ಕಾರವೇ ಕಠಿಣವೆಂಬುದನ್ನು ಮಧುಮೇಹಿಗಳಾದ ನಮ್ಮ ವಾಚಕರು ಒಪ್ಪಿಯಾರು.

1920ರ ಜುಲೈದಲ್ಲಿ ಮುಂಬಯಿಗೆ ಹೋದ ಅವರಿಗೆ ಸರದಾರಗೃಹದಲ್ಲಿ ಜ್ವರ ಬಂದಿತು. ಜ್ವರವು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಆಗಸ್ಟ್ 1ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು. ಮಧುಮೇಹಿಗೆ ಜ್ವರ ಬಂದಾಗ ರಕ್ತದ ಸಕ್ಕರೆ ಏರುತ್ತದೆ, ಏರಿದ ಸಕ್ಕರೆಯು ರೋಗಜಂತುಗಳೊಡನೆ ಹೋರಾಡುವ ಬಲವನ್ನು ಕುಂದಿಸುತ್ತದೆ. ಅಂಥ ಸಮಯದಲ್ಲಿ ಪಥ್ಯವೊಂದೇ ಕೈಹಿಡಿಯಲಾರದು. ಅವರ ಮರಣಕ್ಕೆ ಮಧುಮೇಹವೇ ಕಾರಣವೆಂದು ನಾವು ಹೇಳುವುದಿಲ್ಲ. ಆ ಹಾಸಿಗೆಯ ಬಳಿ ಸೇರಿದ ವೈದ್ಯರ ಪೆಟ್ಟಿಗೆಯಲ್ಲಿ ಇನ್ಸುಲಿನ್ ಇರಲಿಲ್ಲವೆಂಬುದು ಮಾತ್ರ ನಿಶ್ಚಯ.

ಮೂರು ತಿಂಗಳು ಕಳೆದವು. 1920ರ ಅಕ್ಟೋಬರ್ 31ರ ರಾತ್ರಿ ಕೆನಡಾ ದೇಶದ ಲಂಡನ್ ಎಂಬ ಊರಿನಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯನು ನಿದ್ದೆಯಿಂದೆದ್ದು ಒಂದು ವಿಚಾರವನ್ನು ತನ್ನ ಟಿಪ್ಪಣಿಯಲ್ಲಿ ಗೀಚಿದನು. ಮೇದೋಜೀರಕಾಂಗವನ್ನು ತೆಗೆದ ನಾಯಿಗೆ ಮಧುಮೇಹ ಬರುತ್ತದೆಂಬುದನ್ನು ಜರ್ಮನಿಯಲ್ಲಿ 1889ರಷ್ಟು ಹಿಂದೆಯೇ ಕಂಡಿದ್ದರು. ಆ ಅಂಗದ ರಸವನ್ನು ಕೆಡದಂತೆ ಹೊರತೆಗೆಯುವ ದಾರಿ ಸಿಕ್ಕಿರಲಿಲ್ಲ. 1921ರ ಮೇದಿಂದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಲಿಯಾಡರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗನೂ ಬೆಸ್ಟ್ ಎಂಬ ವಿದ್ಯಾರ್ಥಿಯೂ ದುಡಿದರು. ಕಾಲಿಪ್ ಎಂಬವನು ರಸವನ್ನು ಶುದ್ಧಗೊಳಿಸಿದನು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸೂಜಿ ಬಿದ್ದಿತು. ಉಪವಾಸದ ಪಥ್ಯದಿಂದ ಎಲುಬಿನ ಹಂದರವಾಗಿದ್ದ ಅವನಿಗೆ ಆ ದಿನದ ಕಲಬೆರಕೆ ರಸದಿಂದ ವಿಶೇಷ ಗುಣ ಕಾಣಲಿಲ್ಲ. ಜನವರಿ 23ರಂದು ಶುದ್ಧ ರಸ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು, ಹುಡುಗನಲ್ಲಿ ಜೀವ ಬಂದಿತು. ಅವನು ಮುಂದೆ ಹದಿಮೂರು ವರ್ಷ ಬದುಕಿದನು. ಈ ಶೋಧದ ಹಕ್ಕನ್ನು ಶೋಧಕರು ವಿಶ್ವವಿದ್ಯಾಲಯಕ್ಕೆ ತಲೆಗೆ ಒಂದು ಡಾಲರಿಗೆ ಕೊಟ್ಟರು. ಅಂಥವರಿಗೆ 1923ರಲ್ಲಿ ನೋಬೆಲ್ ಪಾರಿತೋಷಕ ಸಂದದ್ದು ಯೋಗ್ಯವೇ ಆಯಿತು.

ಪಥ್ಯವೂ ಇನ್ಸುಲಿನ್ನೂ ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ಇನ್ನೊಬ್ಬನ ಬಾಳು ಸಾಕ್ಷಿಯಿದೆ. ಟಿಳಕರು ತೀರಿಕೊಂಡ 1920ರಲ್ಲಿಯೇ ಲಂಡನ್ನಿನ ರಾಬಿನ್ ಲಾರೆನ್ಸ್ ಎಂಬ ತರುಣ ವೈದ್ಯನಿಗೆ ಮಧುಮೇಹವಿದ್ದದ್ದು ಗೊತ್ತಾಯಿತು. ಕಟ್ಟುನಿಟ್ಟಾದ ಪಥ್ಯ ಹಿಡಿದು, ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಅವನು ಇಟಲಿಯ ಫ್ಲಾರೆನ್ಸಿಗೆ ಹೋಗಿ ನೆಲೆಸಿದನು. ಇನ್ಸುಲಿನ್ ಬಂದಿದೆ, ತಿರುಗಿ ಬಾ ಎಂಬ ಕರೆ ಬಂದಾಗ ಬತ್ತಿದ ದೇಹದಿಂದ ಯೂರೋಪನ್ನು ದಾಟಿ ಬಂದು 1923ರ ಮೇ ತಿಂಗಳ ಕೊನೆಯ ದಿನ ಮೊದಲ ಸೂಜಿ ತೆಗೆದುಕೊಂಡನು. ತರುವಾಯ ಅವನು ಪಥ್ಯವನ್ನು ಬಿಟ್ಟನೇ? ಇಲ್ಲ. ಎಷ್ಟು ಅನ್ನಕ್ಕೆ ಎಷ್ಟು ಇನ್ಸುಲಿನ್ ಎಂಬ ಲೆಕ್ಕವನ್ನು ಸಾಮಾನ್ಯ ಜನರೂ ಅಡಿಗೆಮನೆಯಲ್ಲಿ ಮಾಡುವಂತೆ ಸರಳಗೊಳಿಸಿ 1925ರಲ್ಲಿ ಪುಸ್ತಕ ಬರೆದನು. 1934ರಲ್ಲಿ, ತಾನೂ ಮಧುಮೇಹಿಯಾಗಿದ್ದ ಎಚ್. ಜಿ. ವೆಲ್ಸ್ ಎಂಬ ಕಾದಂಬರಿಕಾರನ ಸಂಗಡ ಮಧುಮೇಹಿಗಳ ಸಂಘ ಕಟ್ಟಿದನು. ಅವನು ತೀರಿಕೊಂಡದ್ದು 1968ರಲ್ಲಿ.

ಇದನ್ನೆಲ್ಲ ನಾವು ಕನ್ನೊಳ್ಳಿಯ ಆ ಪಡಸಾಲೆಯಲ್ಲಿ ಕುಳಿತು ಮಾಸ್ತರರಿಗೆ ಹೇಳಿದೆವು. ಅವರ ತಾಟಿನ ವಿಷಯವೂ ಬಂದಿತು. ಅನ್ನ ಬಿಟ್ಟಿರುವೆ, ಜೋಳದ ರೊಟ್ಟಿಯನ್ನಷ್ಟೇ ತಿನ್ನುವೆನೆಂದು ಅವರು ಅಭಿಮಾನದಿಂದ ಹೇಳಿದರು. ನಮ್ಮ ಸಿಂದಗಿ, ಇಂಡಿ ಸೀಮೆಯ ಎರೆಯ ಹೊಲದ ಬಿಳಿಜೋಳವು ಒಳ್ಳೆಯ ಧಾನ್ಯವೇ. ಆದರೆ ಜೋಳವೂ ಪಿಷ್ಟವೇ, ಮೂರು ರೊಟ್ಟಿಯ ಸಕ್ಕರೆ ಒಂದು ರೊಟ್ಟಿಯ ಸಕ್ಕರೆಗೆ ಸಮನಾಗದು. ರೊಟ್ಟಿ ಕಡಿಮೆಯಾಗಿ ಪುಂಡಿಪಲ್ಯ, ತೊಗರಿಬೇಳೆ, ಹೆಸರುಕಾಳು, ಮಜ್ಜಿಗೆ ಹೆಚ್ಚಾದರೆ ತಾಟು ತುಂಬುತ್ತದೆ, ರಕ್ತ ತುಂಬುವದಿಲ್ಲ. ದಿನಕ್ಕೆ ಆರು ಸಲ ಬರುವ ಸಕ್ಕರೆಯ ಚಹದ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಎತ್ತಿದವರು ಒಳಗಿನಿಂದ ಅವರ ಮನೆಯವರು.

ಇನ್ಸುಲಿನ್ ತೆಗೆದುಕೊಳ್ಳುವವರು ತಿಳಿಯಬೇಕಾದ ಸಂಗತಿಗಳು ಕೆಲವಿವೆ. ಅವು ಗೊತ್ತಿಲ್ಲದ ಕಾರಣದಿಂದಲೇ ಸೂಜಿಯ ಬಗ್ಗೆ ಭಯ ಹುಟ್ಟುತ್ತದೆ. ಇದು ಚಟವಾಗುವ ಪದಾರ್ಥವಲ್ಲ, ಮೈಯಲ್ಲಿ ಇರಬೇಕಾದ ರಸವೇ. ಚುಚ್ಚಿಕೊಂಡು ಊಟ ತಪ್ಪಿಸಿದರೆ ಸಕ್ಕರೆಯು ಮಿತಿಮೀರಿ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರುತ್ತವೆ. ಆಗ ಕೂಡಲೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಕಾಲು ತಾಸಿನ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಬೇಕು. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಮತ್ತು 100 ಯುನಿಟ್ಟುಗಳ ಎರಡು ಬಗೆಯ ಇನ್ಸುಲಿನ್ ಸೀಸೆಗಳಿವೆ. ಒಂದರ ಸಿರಿಂಜನ್ನು ಇನ್ನೊಂದಕ್ಕೆ ಬಳಸಿದರೆ ಪ್ರಮಾಣವು ಎರಡೂವರೆ ಪಟ್ಟು ತಪ್ಪುತ್ತದೆ. ಒಡೆಯದ ಸೀಸೆಯನ್ನು ಫ್ರಿಜ್ಜಿನಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಫ್ರಿಜ್ಜಿಲ್ಲದ ಮನೆಯಲ್ಲಿ, 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ, ಒಂದು ಮಣ್ಣಿನ ಗಡಿಗೆಯೊಳಗೆ ಚಿಕ್ಕದೊಂದನ್ನಿಟ್ಟು ನಡುವೆ ಒದ್ದೆ ಉಸುಕು ತುಂಬಿ, ಒಳಗಿನದರಲ್ಲಿ ಸೀಸೆಯಿಟ್ಟು ನೆರಳಿನಲ್ಲಿರಿಸಿದರೆ ಹೊರಗಿನ ಕಾವಿಗಿಂತ ಬಹಳ ತಂಪಿರುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವದನ್ನು ಬಿಟ್ಟು ಪ್ರತಿ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಸ್ಪರ್ಶ ಕುಂದಿದ ಕಾಲಿಗೆ ಮುಳ್ಳು ನೆಟ್ಟದ್ದು ಗೊತ್ತಾಗುವುದಿಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯು ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಇದು ಪೇಟೆಯ ಸಾಹುಕಾರರ, ಕುರ್ಚಿಯ ಅಧಿಕಾರಿಗಳ ರೋಗವೆಂಬ ಹಳೆಯ ಮಾತು ಕನ್ನೊಳ್ಳಿಯಂಥ ಊರಿನಲ್ಲಿಯೂ ಇನ್ನು ನಿಲ್ಲದು.

ನಮ್ಮ ಮಾತು ಮುಗಿದ ಮೇಲೆ ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. ಅಕ್ಟೋಬರ್ 31 ಎಂದರೆ ಲೋಕಮಾನ್ಯರು ಹೋದ ಎಷ್ಟು ದಿನಕ್ಕೆ ಎಂದು ಬೆರಳೆಣಿಸಿ, ತೊಂಬತ್ತೊಂದು ಎಂದು ತಾವೇ ಹೇಳಿಕೊಂಡರು. ಆಮೇಲೆ, ಸೂಜಿ ಚುಚ್ಚಿಕೊಂಡ ಎಷ್ಟು ಹೊತ್ತಿಗೆ ರೊಟ್ಟಿ ತಿನ್ನಬೇಕೆಂದು ನಮ್ಮನ್ನು ಕೇಳಿದರು. ಅದು ಇನ್ಸುಲಿನ್ನಿನ ಜಾತಿಯ ಮೇಲೆ ಅವಲಂಬಿಸಿದ್ದು, ಸಿಂದಗಿಯ ವೈದ್ಯರನ್ನೇ ಕೇಳಬೇಕೆಂದು ನಾವು ಹೇಳಿದೆವು. ಮರುದಿನ ಬೆಳಗಿನ ಬಸ್ಸು ಎಷ್ಟು ಗಂಟೆಗೆಂದು ಅವರು ಮೊಮ್ಮಗನನ್ನು ಕೂಗಿ ವಿಚಾರಿಸಿದರು.